ನಾಯಿಯ ಒಪ್ಪತ್ತು

ನಮ್ಮ ನಾಯಿಯ ರಕ್ತ ಸರಿಯಾಗಿದೆ! ಇವತ್ತು ಮಧ್ಯಾಹ್ನ ಚಿತ್ರದುರ್ಗದ ಡಾಕ್ಟರಮ್ಮ ನನ್ನ ಮಗನಿಗೆ ಫೋನ್ ಮಾಡಿ ಹೇಳಿದರು. ಈಗ ಕೊಡುತ್ತಿರುವ ಮಾತ್ರೆಯೇ ಸಾಕು, ಹೆಚ್ಚು ಮಾಡುವುದೂ ಬೇಡ, ಕಡಿಮೆ ಮಾಡುವುದೂ ಬೇಡ ಎಂದರಂತೆ. ಮಗ ಫೋನು ಇಡುವ ಮೊದಲೇ ಅವನ ಮುಖ ನೋಡಿ ನನಗೆ ಗೊತ್ತಾಯಿತು. ಎದ್ದವಳೇ ಪಕ್ಕದ ಮನೆಗೆ ಹೇಳಿದೆ, ಎದುರು ಮನೆಗೆ ಹೇಳಿದೆ, ಬೀದಿಯಲ್ಲಿ ನಿಂತಿದ್ದ ತರಕಾರಿ ಗಾಡಿಯವನಿಗೂ ಹೇಳಿದೆ.

"ನಿಮ್ಮ ಗಲಾಟೆ ನೋಡಿ ಮೊಮ್ಮಗ ಹುಟ್ಟಿದ್ನೇನೋ ಅನ್ಕಂಡೆ ಕಣಮ್ಮ. ನಾಯಿ ರಕ್ತಕ್ಕಾ ಇಷ್ಟೊಂದು?" ಎಂದು ಅವನು ನಕ್ಕು, ಒಂದು ಹಿಡಿ ಕೊತ್ತಂಬರಿ ಸೊಪ್ಪು ಸುಮ್ಮನೆ ಕೊಟ್ಟ. ನಗಲಿ ಬಿಡಿ. ಹೇಳಿ ಬಂದು ಜಗಲಿಯ ಮೇಲೆ ಕುಳಿತವಳಿಗೆ ಮತ್ತೆ ಏಳಲು ಆಗಲಿಲ್ಲ. ಇಷ್ಟು ತಿಂಗಳ ಆಯಾಸವೆಲ್ಲ ಒಟ್ಟಿಗೆ ಕಾಲಿಗೆ ಇಳಿಯಿತು. ಎದೆಯ ತುಂಬ ಸಂತೋಷವಿದೆ, ಮೈಯಲ್ಲಿ ಮಾತ್ರ ಏನೂ ಉಳಿದಿಲ್ಲ.

ಮೊಮ್ಮಗಳು ಅಂಬೆಗಾಲಿಡುತ್ತಿದ್ದಾಗ ಬಂದ ನಾಯಿ ಇದು. ನನ್ನ ಮಗ ಲಗೇಜ್ ಆಟೋದಲ್ಲಿ ತೆಂಗಿನಕಾಯಿ ಸಾಗಿಸುತ್ತಾನೆ. ಯಲ್ಲದಕೆರೆ ಕಡೆಯ ಒಂದು ತೋಟದಿಂದ ಹಿರಿಯೂರಿನ ನಮ್ಮ ಮನೆಗೆ, ಕಾಯಿಯ ಚೀಲಗಳ ನಡುವೆ ಮಲಗಿಸಿಕೊಂಡು ಈ ಮರಿಯನ್ನು ತಂದಿದ್ದ. ಸೊಸೆ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವವಳು. ಹಾಗಾಗಿ ಮಗುವೂ ಮರಿಯೂ ನನ್ನ ಸೆರಗು ಜಗ್ಗಿಕೊಂಡೇ ಬೆಳೆದವು. ಈಗ ಒಂದು ಹೈಸ್ಕೂಲಿಗೆ ಹೋಗುತ್ತದೆ, ಇನ್ನೊಂದಕ್ಕೆ ಮೂತಿಯೆಲ್ಲ ನರೆತಿದೆ.

ಕಾಯಿಲೆ ಬಂದಾಗ ಅದು ಕಾಯಿಲೆಯೆಂದು ಯಾರಿಗೂ ತಿಳಿಯಲಿಲ್ಲ. ಹಸಿವು ಹೆಚ್ಚಾಯಿತು. ಎಷ್ಟು ಹಾಕಿದರೂ ತಟ್ಟೆ ನೆಕ್ಕಿ ಮತ್ತೆ ನನ್ನ ಮುಖ ನೋಡುತ್ತಿತ್ತು. ವಯಸ್ಸಾದರೂ ಹೇಗೆ ತಿನ್ನುತ್ತದೆ ನೋಡಿ ಎಂದು ನಾನು ಹೆಮ್ಮೆಯಿಂದ ಬಡಿಸಿದೆ. ಬಕೆಟ್ಟಿಗೆ ಬಾಯಿ ಹಾಕಿದರೆ ಅರ್ಧ ಬಕೆಟ್ ನೀರು ಖಾಲಿ. ಹೊಟ್ಟೆ ಗುಂಡಗಾಯಿತು, ಸೊಂಟದ ಕೂದಲು ಉದುರಿತು, ಸುಮ್ಮನೆ ಮಲಗಿದ್ದರೂ ಏದುಸಿರು. ಪಕ್ಕದ ಮನೆಯಾಕೆ ಕಾಂಪೌಂಡಿನ ಮೇಲಿಂದ ಇಣುಕಿ, "ಏನ್ರೀ, ಗಂಡು ನಾಯಿ ಗಬ್ಬ ಆಗೈತಲ್ರೀ! ಹೆರಿಗೆ ಇಲ್ಲೋ, ತವರುಮನೇಲೋ?" ಎಂದರು. ನಾನೂ ನಕ್ಕೆ. ಆಮೇಲೆ ಮನೆಯೊಳಗೆಲ್ಲ ಉಚ್ಚೆ ಹೊಯ್ಯತೊಡಗಿದಾಗ ನಗು ನಿಂತಿತು. ಬೆಳಿಗ್ಗೆ ಎದ್ದರೆ ಮೊದಲು ನೆಲ ಒರೆಸಬೇಕು. ಬಗ್ಗಿದರೆ ಏಳಲು ಗೋಡೆ ಹಿಡಿಯಬೇಕಾದ ವಯಸ್ಸು ನನ್ನದು. ಬೈದರೆ ಅದು ಬಾಲ ಒಳಗೆ ಸೇರಿಸಿಕೊಂಡು ಮೂಲೆ ನೋಡುತ್ತಿತ್ತು. ಅದಕ್ಕೂ ನಾಚಿಕೆಯಾಗುತ್ತಿತ್ತು ಅನ್ನಿಸುತ್ತದೆ.

ಚಿತ್ರದುರ್ಗದ ಡಾಕ್ಟರಮ್ಮ ರಕ್ತ ಪರೀಕ್ಷೆ ಮಾಡಿಸಿ ಕುಶಿಂಗ್ ಕಾಯಿಲೆ ಎಂದರು. ಮೂತ್ರಪಿಂಡದ ಹತ್ತಿರ ಒಂದು ಗ್ರಂಥಿ ಇರುತ್ತದಂತೆ. ಅದು ತಯಾರಿಸುವ ರಸ ಮಿತಿಮೀರಿದರೆ ಹೀಗಾಗುತ್ತದಂತೆ. ವಾಸಿಯಾಗುವುದಿಲ್ಲ, ಆದರೆ ದಿನವೂ ಮಾತ್ರೆ ಕೊಟ್ಟು ಹತೋಟಿಯಲ್ಲಿ ಇಡಬಹುದು ಎಂದರು. ಮಗ ದಾರಿಯಲ್ಲಿ ನನಗೆ ತಿಳಿಸಿ ಹೇಳಿದ: "ತೋಟಕ್ಕೆ ನೀರು ಬಿಡೋ ಗೇಟ್ ವಾಲ್ವ್ ಇದ್ದಂಗೆ ಕಣಮ್ಮ. ಈಗ ಪೂರಾ ಬಿಚ್ಕಂಡೈತೆ. ಮಾತ್ರೆ ಕೊಟ್ಟು ಸ್ವಲ್ಪ ಸ್ವಲ್ಪ ಬಿಗಿಬೇಕು. ಜಾಸ್ತಿ ಬಿಗಿದ್ರೆ ಗಿಡಾನೇ ಒಣಗೋಗ್ತೈತೆ."

ಡಾಕ್ಟರಮ್ಮ ಹೇಳಿದ್ದು ಇಷ್ಟು: ಮಾತ್ರೆಯನ್ನು ಆಹಾರದ ಜೊತೆಗೇ ಕೊಡಬೇಕು, ಒಡೆಯಬಾರದು, ಮುಟ್ಟಿದ ಮೇಲೆ ಕೈ ತೊಳೆಯಬೇಕು. ಆಗಾಗ ಬೆಳಿಗ್ಗೆ ಮಾತ್ರೆ ಕೊಟ್ಟು, ಮಧ್ಯಾಹ್ನದ ಹೊತ್ತಿಗೆ ಅವರಲ್ಲಿಗೆ ಕರೆತಂದು ರಕ್ತ ಕೊಡಬೇಕು. ಅದನ್ನು ನೋಡಿ ಅವರು ಮಾತ್ರೆಯ ಅಳತೆ ಹೇಳುತ್ತಾರೆ.

ಬೆಳಿಗ್ಗೆ ಮನೆಯಲ್ಲಿ ಇರುವವಳು ನಾನೇ, ಆದ್ದರಿಂದ ಆ ಕೆಲಸ ನನ್ನದಾಯಿತು. ಡಬ್ಬಿಯ ಮೇಲಿನ ಇಂಗ್ಲಿಷು ನನಗೆ ಬಾರದು. ಸೊಸೆ ಡಬ್ಬಿಗೊಂದು ಕೆಂಪು ದಾರ ಕಟ್ಟಿಕೊಟ್ಟಳು. ರಾಗಿ ಮುದ್ದೆಯ ತುತ್ತಿನೊಳಗೆ ಮಾತ್ರೆ ಇಟ್ಟು, ತುಪ್ಪ ಸವರಿ ಕೊಟ್ಟರೆ ನಾಯಿ ನುಂಗಿಬಿಡುತ್ತಿತ್ತು. ಮುದ್ದೆ ಅಗಿಯುವ ವಸ್ತುವಲ್ಲವೆಂದು ಅದಕ್ಕೂ ಗೊತ್ತು. ಸ್ವಲ್ಪ ದಿನದಲ್ಲೇ ನೀರು ಕುಡಿಯುವುದು ಕಡಿಮೆಯಾಯಿತು. ನೆಲವೂ ಒಣಗಿತು.

ಆದರೆ ರಕ್ತ ಕೊಟ್ಟು ಬಂದರೆ ಡಾಕ್ಟರಮ್ಮ ಬೇರೆಯೇ ಹೇಳಿದರು. ರಸ ಇನ್ನೂ ಮೇಲೆಯೇ ಇದೆ, ಮಾತ್ರೆ ಸಾಲದು. ಮೊದಲಿನದರ ಜೊತೆಗೆ ಕೊಡಲು ಎರಡನೆಯ ಡಬ್ಬಿ ಬಂತು, ಅದಕ್ಕೆ ಹಳದಿ ದಾರ. ಮತ್ತೆ ಹೋದೆವು, ಮತ್ತೆ ಅದೇ ಮಾತು, ಮೂರನೆಯ ಡಬ್ಬಿ ಬಂತು. ಮನೆಯಲ್ಲಿ ನಾಯಿ ಚೆನ್ನಾಗಿಯೇ ಇದೆಯಲ್ಲ ಎಂದು ನನಗೆ ಅನ್ನಿಸುತ್ತಿತ್ತು. ಪರೀಕ್ಷೆಯ ಕಾಗದದ ಮುಂದೆ ನನ್ನ ಅನ್ನಿಸಿಕೆಯನ್ನು ಯಾರ ಹತ್ತಿರ ಹೇಳಲಿ? ಹೋಗಿ ಬರುವುದೇ ಒಂದು ಶಿಕ್ಷೆ. ಬಸ್ಸಿನಲ್ಲಿ ನಾಯಿಯನ್ನು ಹತ್ತಿಸುವುದಿಲ್ಲ. ಲಗೇಜ್ ಆಟೋದ ಹಿಂದೆ ಗೋಣಿಚೀಲ ಹಾಸಿ, ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಹೈವೇ ಗಾಳಿಯಲ್ಲಿ ಕೂರುತ್ತಿದ್ದೆ. ಇಳಿಯುವಾಗ ಮಂಡಿ ಮಡಚಲು ಬರುತ್ತಿರಲಿಲ್ಲ.

ಒಂದು ಗುರುವಾರ ಬೆಳಿಗ್ಗೆ ಮುದ್ದೆ ಅದರ ಬಾಯಿಂದ ಜಾರಿ ಕೆಳಗೆ ಬಿತ್ತು.

"ಅಜ್ಜಿ, ಮುದ್ದೆ ಬ್ಯಾಡ ಅಂತೈತೆ," ಎಂದಳು ಸ್ಕೂಲಿಗೆ ಹೊರಟಿದ್ದ ಮೊಮ್ಮಗಳು.

"ಬ್ಯಾಡ ಅನ್ನೋ ಜಾತಿ ಅಲ್ಲ ಕಣೆ ಅದು," ಎಂದು ಬಗ್ಗಿ ನೋಡಿದೆ. ನಾಯಿಯ ಮೈ ನಡುಗುತ್ತಿತ್ತು. ಏಳಲು ಹೋಗಿ ಹಿಂಗಾಲು ಕುಸಿದು, ವಾಂತಿ ಮಾಡಿಕೊಂಡು ಅದರಲ್ಲೇ ಮಲಗಿತು. ಮೊಮ್ಮಗಳು ಬ್ಯಾಗು ಬಿಸಾಡಿ, "ಅಪ್ಪಂಗೆ ಫೋನ್ ಮಾಡು, ಈಗ್ಲೇ ದುರ್ಗಕ್ಕೆ ಹೋಗಾಣ" ಎಂದು ಅಳತೊಡಗಿದಳು. ಮಗ ಹರಿಯಬ್ಬೆಯಲ್ಲಿ ಲೋಡು ಅರ್ಧಕ್ಕೆ ಬಿಟ್ಟು ಓಡಿಬಂದ. ದುರ್ಗದ ದಾರಿಯುದ್ದಕ್ಕೂ ಮೊಮ್ಮಗಳು ಅದರ ಮೂಗಿನ ಹತ್ತಿರ ಬೆರಳು ಹಿಡಿದೇ ಕುಳಿತಿದ್ದಳು.

ಡಾಕ್ಟರಮ್ಮ ರಕ್ತ ತೆಗೆದುಕೊಂಡು, ಇಂಜೆಕ್ಷನ್ ಕೊಟ್ಟು, ಗ್ಲೂಕೋಸ್ ಹಾಕಿದರು. ಮಾತ್ರೆ ಮಿತಿಮೀರಿದ ಹಾಗಿದೆ, ಇವತ್ತಿನಿಂದ ಎಲ್ಲವನ್ನೂ ನಿಲ್ಲಿಸಿ ಎಂದರು. ಆದರೆ ಅವರಿಗೇ ಲೆಕ್ಕ ಹತ್ತುತ್ತಿರಲಿಲ್ಲ. ಹೋದ ಸಲ ಸಾಲದು ಎಂದು ತೋರಿಸಿದ್ದು ಈಗ ಹೆಚ್ಚಾಗಿದ್ದು ಹೇಗೆ? ನನ್ನ ಮುಂದೆ ಸ್ಟೂಲು ಎಳೆದುಕೊಂಡು ಕುಳಿತರು.

"ಅಜ್ಜಿ, ಮಾತ್ರೆ ಹೆಂಗ್ ಕೊಡ್ತೀರಿ? ಒಂದ್ಸಲ ಹೇಳ್ರಿ."

"ಮುದ್ದೆ ಒಳಗಿಟ್ಟು ತುಪ್ಪ ಸವರಿ ಕೊಡ್ತೀನಿ ಡಾಕ್ಟ್ರಮ್ಮ. ಹಿಂದೇನೇ ತಟ್ಟೆ ತುಂಬ ಊಟ."

"ಇಲ್ಲಿಗೆ ಬರೋ ದಿನಾನೂ ಹಂಗೇನಾ?"

"ಇಲ್ಲಿಗೆ ಬರೋದು ಸೋಮವಾರ ಅಲ್ಲೇನ್ರಿ? ಮಗನಿಗೆ ಬಾಡಿಗೆ ಇಲ್ದೇ ಇರೋದು ಅವತ್ತೊಂದೇ ದಿನ."

"ಸೋಮವಾರ ಆದ್ರೆ ಏನು?"

"ನಮ್ಮನೇಲಿ ಸೋಮವಾರ ಒಪ್ಪತ್ತು. ಅಡಿಗೆಮನೆ ಒಲೆ ಹಚ್ಚಲ್ಲ. ಸಂಜೆ ಈಶ್ವರನಿಗೆ ದೀಪ ಹಚ್ಚಿದ ಮೇಲೇನೇ ಊಟ. ಹಿಂದಿನ ದಿನದ್ದು ಒಂದಗುಳೂ ಇಟ್ಕಳಲ್ಲ. ಬೆಳಿಗ್ಗೆ ಬಾಳೆಹಣ್ಣಿನ ಚೂರಲ್ಲಿ ಇಟ್ಟು ಮಾತ್ರೆ ನುಂಗಿಸ್ತೀನಿ. ಫಲಾಹಾರ."

"ನಿಮಗೆ ಒಪ್ಪತ್ತು ಸರಿ ಅಜ್ಜಿ. ನಾಯಿಗೆ ಯಾಕೆ?"

"ಅದೂ ನಮ್ಮನೇದೇ ಅಲ್ಲೇನ್ರಿ!"

ಡಾಕ್ಟರಮ್ಮ ಹಳೆಯ ವರದಿಗಳನ್ನು ತೆಗೆದು ತಾರೀಖು ನೋಡಿದರು, ಎಲ್ಲವೂ ಸೋಮವಾರದವೇ. ಆಮೇಲೆ ಬಿಡಿಸಿ ಹೇಳಿದರು. ಈ ಮಾತ್ರೆ ಹೊಟ್ಟೆ ತುಂಬ ಊಟದ ಜೊತೆ ಹೋದರೆ ಮೈಗೆ ಚೆನ್ನಾಗಿ ಹತ್ತುತ್ತದೆ, ಖಾಲಿ ಹೊಟ್ಟೆಯಲ್ಲಿ ಸರಿಯಾಗಿ ಹತ್ತುವುದಿಲ್ಲ. ನಾವು ಅದನ್ನು ಪರೀಕ್ಷೆಗೆ ತಂದಿದ್ದೆಲ್ಲ ಮಾತ್ರೆ ಹತ್ತದ ದಿನವೇ. ಅದನ್ನು ನೋಡಿ ಅವರು ಹೆಚ್ಚು ಬರೆದರು. ಆ ಹೆಚ್ಚಿನದು ವಾರದ ಉಳಿದ ದಿನವೆಲ್ಲ ಮುದ್ದೆ ತುಪ್ಪದ ಜೊತೆ ಪೂರ್ತಿ ಹತ್ತಿತು.

ಮಗ ಗೋಡೆಗೆ ಒರಗಿ, "ವಾಲ್ವ್ ಬಿಚ್ಚಿದ ದಿನ ನೀರು ನೋಡಿ, ಮಿಕ್ಕ ದಿನ ಬಿಗಿದೂ ಬಿಗಿದೂ ಗಿಡ ಒಣಗಿಸಿದ್ವಿ" ಎಂದ. ಬೀದಿಯವರೆಲ್ಲ ನಮ್ಮದನ್ನು ಶಿವಭಕ್ತ ನಾಯಿ ಎಂದು ಆಡಿಕೊಳ್ಳುತ್ತಿದ್ದರು, ನಮಗೆ ಅದೂ ಒಂದು ಸಂತೋಷವೇ ಆಗಿತ್ತು. ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತು ಗ್ಲೂಕೋಸಿನ ಹನಿ ಬೀಳುವುದನ್ನು ನೋಡುತ್ತ, ಇದು ಒಂದು ಸಲ ಎದ್ದು ನಿಲ್ಲಲಿ ಈಶ್ವರಾ, ಮತ್ತೇನೂ ಕೇಳುವುದಿಲ್ಲ ಎಂದುಕೊಂಡೆ.

ಎದ್ದು ನಿಂತಿತು, ಆದರೆ ಬೇಗ ಅಲ್ಲ. ಹೊಟ್ಟೆಯ ಕೆಳಗೆ ಟವೆಲ್ ಹಾಕಿ ಒಂದು ತುದಿ ನಾನು, ಇನ್ನೊಂದು ತುದಿ ಮೊಮ್ಮಗಳು ಹಿಡಿದು ಹಿತ್ತಲಿಗೆ ನಡೆಸಿದೆವು. ರಾಗಿ ಅಂಬಲಿಯನ್ನು ಚಮಚದಲ್ಲಿ ಕುಡಿಸಿದೆ. ಅರ್ಧ ಒಳಗೆ, ಅರ್ಧ ನನ್ನ ಸೀರೆಯ ಮೇಲೆ. ಸೊಸೆ ಕೆಲಸದಿಂದ ಬಂದವಳು ಮುಖವನ್ನೂ ತೊಳೆಯದೆ, "ಅತ್ತೆ, ನೀವು ಸ್ವಲ್ಪ ಕಾಲು ಚಾಚ್ರಿ, ನಾನ್ ನೋಡ್ಕಂತೀನಿ" ಎನ್ನುತ್ತಿದ್ದಳು. ಮೊಮ್ಮಗಳು ತಟ್ಟೆಯ ಮುಂದೆ ಕುಳಿತು ಅನ್ನ ಕಲಸುತ್ತ, ಕಲಸುತ್ತ ಹಾಗೇ ಎದ್ದುಹೋಗುತ್ತಿದ್ದಳು. ನಾಯಿಗಿಂತ ಆ ಮಗುವನ್ನು ನೋಡಿ ನನಗೆ ಹೆಚ್ಚು ಸಂಕಟ.

ಗುರುವಾರದ ರಕ್ತದ ವರದಿಯೂ ಡಾಕ್ಟರಮ್ಮ ಹೇಳಿದ್ದನ್ನೇ ಹೇಳಿತು. ನಾಯಿ ಚೇತರಿಸಿಕೊಂಡು, ಮತ್ತೆ ನೀರಿನ ಬಕೆಟ್ಟಿಗೆ ಬಾಯಿ ಹಾಕತೊಡಗಿದ ಮೇಲೆ ಕೆಂಪು ದಾರದ ಡಬ್ಬಿಯೊಂದನ್ನೇ ಶುರುಮಾಡಿದೆವು. ಆಗ ಸೋಮವಾರದ ಪ್ರಶ್ನೆ ಬಂತು. ನಾನು ಮದುವೆಯಾಗಿ ಬಂದಾಗಿನಿಂದ ಈ ಮನೆಯಲ್ಲಿ ಸೋಮವಾರ ಬೆಳಿಗ್ಗೆ ಅಡಿಗೆ ಒಲೆ ಹಚ್ಚಿದ್ದಿಲ್ಲ. ನಾನು ಯೋಚನೆ ಮಾಡುತ್ತ ಕುಳಿತಿದ್ದಾಗ ಸೊಸೆಯೇ ದಾರಿ ತೋರಿಸಿದಳು.

"ಹಿತ್ತಲಲ್ಲಿ ನೀರೊಲೆ ಹಚ್ತೀವಲ್ಲ ಅತ್ತೆ, ಸ್ನಾನಕ್ಕೆ. ಹಂಡೆ ಇಳಿಸಿ ಅದರ ಮೇಲೇ ನಾಯಿ ಮುದ್ದೆ ತಿರುವಿದ್ರಾತು. ಈಶ್ವರ ಏನು ಹಿತ್ತಲಿಗೆ ಬಂದು ನೋಡ್ತಾನಾ?"

"ನೋಡಿದ್ರೆ ನೋಡ್ಲಿ ಬಿಡು. ಹೊಟ್ಟೆ ಹಸ್ದಿರೋಳು ನಾನು, ತಿನ್ನೋದು ಅದು," ಎಂದೆ.

ಅಂದಿನಿಂದ ಸೋಮವಾರ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಹೊಗೆ ಕುಡಿಯುತ್ತ ನಾಯಿಗೆ ಮುದ್ದೆ ತಿರುವುತ್ತೇನೆ. ಬೆಂದ ರಾಗಿಯ ವಾಸನೆಗೆ ಹೊಟ್ಟೆ ಚುರುಗುಟ್ಟುತ್ತದೆ. ಹೋದ ಸೋಮವಾರ ಹಾಗೆ ಮುದ್ದೆ, ಮಾತ್ರೆ, ತಟ್ಟೆ ತುಂಬ ಊಟ ಕೊಟ್ಟೇ ಕರೆದುಕೊಂಡು ಹೋಗಿ ರಕ್ತ ಕೊಟ್ಟೆವು. ಅದರ ಫಲವೇ ಇವತ್ತಿನ ಫೋನು.

ಸಂಜೆ ದೀಪ ಹಚ್ಚಿದೆ. ಸೊಸೆ ಸೊಪ್ಪಿನ ಸಾರಿಗೆ ತರಕಾರಿಯವನ ಕೊತ್ತಂಬರಿ ಉದುರಿಸಿದಳು, ನಾನು ಶಾವಿಗೆ ಪಾಯಸ ಮಾಡಿದೆ. ಬಡಿಸುತ್ತ ನಿಂತಿದ್ದ ಸೊಸೆಯನ್ನು, "ನೀನೂ ಕುಂತ್ಕ, ಬೇಕಾದವ್ರು ಹಾಕ್ಕಂತಾರೆ" ಎಂದು ಎಳೆದು ಕೂರಿಸಿಕೊಂಡೆ. ಎಲ್ಲರೂ ನೆಲದ ಮೇಲೆ ಒಂದೇ ಸಾಲಿನಲ್ಲಿ ಕುಳಿತೆವು. ನಾಯಿ ತಾನೇ ನಡೆದುಕೊಂಡು ಬಂದು, ಬಾಗಿಲ ಹತ್ತಿರ ತನ್ನ ತಟ್ಟೆಯ ಮುಂದೆ ಕುಳಿತಿತು.

"ನೋಡಜ್ಜಿ, ಒಪ್ಪತ್ತು ಮುರಿದೋನೇ ಮೊದಲು ಬಂದು ಕುಂತವ್ನೆ," ಎಂದಳು ಮೊಮ್ಮಗಳು.

"ಪಾಯಸ ಮಾತ್ರ ಅವನಿಗಿಲ್ಲ ಕಣೆ," ಎಂದ ಮಗ.

ನನಗೆ ಮುದ್ದೆ ಮುರಿಯಲೂ ಕೈಯಲ್ಲಿ ಕಸುವಿರಲಿಲ್ಲ. ಮೊಮ್ಮಗಳೇ ಮುರಿದು, ಸಾರಿನಲ್ಲಿ ಅದ್ದಿ ನನ್ನ ತಟ್ಟೆಗಿಟ್ಟಳು. ಆಮೇಲೆ ತನ್ನದನ್ನು ತಿಂದು ಮುಗಿಸಿ, ನಾಯಿಯ ಹಾಗೆಯೇ ನನ್ನ ಮುಖ ನೋಡಿ, ತಟ್ಟೆಯನ್ನು ಮುಂದೆ ತಳ್ಳಿ, "ಅಜ್ಜಿ, ಇನ್ನೊಂದು ಮುದ್ದೆ" ಎಂದಳು.