ಜೇಬಿನಲ್ಲಿದ್ದ ಕೀಲಿಕೈ

ನಮ್ಮ ಹೊಲಿಗೆ ಕಾರ್ಖಾನೆಯಲ್ಲಿ ಅವರನ್ನು ಎದುರಿಗೆ ಅಣ್ಣ ಎನ್ನುತ್ತಿದ್ದೆವು, ಬೆನ್ನ ಹಿಂದೆ ಕೀಲಿಕೈ. ಆ ಅಡ್ಡಹೆಸರು ಇಟ್ಟವಳು ನಾನೇ. ಆ ಹೆಗ್ಗಳಿಕೆಯನ್ನು ಬೇರೆಯವರಿಗೆ ಬಿಟ್ಟುಕೊಡುವವಳಲ್ಲ. ಐವತ್ತೇಳು ವರ್ಷ, ಮೊಣಕಾಲು ನೋವು, ಎಡಗಣ್ಣಿಗೆ ಪೊರೆ, ಅಂಗಿಯ ಜೇಬಿಗೊಂದು ಸೇಫ್ಟಿ ಪಿನ್ನು. ಪಿನ್ನಿನ ಹಿಂದೆ ಉಗುರಿನಷ್ಟು ಅಗಲದ ಪೆನ್‌ಡ್ರೈವ್. ಮನೆಯಲ್ಲಿ ಹಾಸಿಗೆ ಹಿಡಿದ ಹೆಂಡತಿ. ಇಬ್ಬರ ಹೊಟ್ಟೆಯೂ ಈ ಕೆಲಸದಲ್ಲೇ ತುಂಬಬೇಕಿತ್ತು.

ಬಟ್ಟೆಯ ಅಳತೆಗಳನ್ನು ಕಂಪ್ಯೂಟರಿಗೆ ಹಾಕಿ, ಥಾನಿನ ಮೇಲೆ ಹಾಸುವ ಕಾಗದಕ್ಕೆ ಗೆರೆ ಎಳೆಯುವ ಯಂತ್ರಕ್ಕೆ ಕಳಿಸುವುದು ಅಣ್ಣನ ಕೆಲಸ. ಆ ಗೆರೆಯ ಮೇಲೆ ಕತ್ತರಿ ಆಡಿಸುವುದು ನನ್ನದು. ಆ ಯಂತ್ರದ ದಪ್ಪ ಕೇಬಲ್ಲು ಹೊಸ ಕಂಪ್ಯೂಟರಿಗೆ ಕೂರುವುದಿಲ್ಲ. ಹಾಗಾಗಿ ಹದಿನೈದು ವರ್ಷದ ಹಳೇ ಕಂಪ್ಯೂಟರ್ ಡಬ್ಬವನ್ನು ಕಾರ್ಖಾನೆಯ ಯಜಮಾನಿ ಬಿಸಾಡುವಂತಿರಲಿಲ್ಲ. ಒಂಬತ್ತಕ್ಕೆ ಸ್ವಿಚ್ಚು ಒತ್ತಿದರೆ ಅದು ನರಳಿ ನರಳಿ ಒಂಬತ್ತೂವರೆಗೆ ಕಣ್ಣು ಬಿಡುತ್ತಿತ್ತು.

ಒಂದು ದಿನ ಅಣ್ಣ ಅಂಗೈಯಗಲದ ಕಾರ್ಡೊಂದನ್ನು ತಂದರು. ಅದರ ಮೇಲೆ ಹೊಸ ಕಾಲದ ಎಸ್‌ಎಸ್‌ಡಿ, ಹಳೆ ಡಿಸ್ಕಿಗಿಂತ ಎಷ್ಟೋ ಪಟ್ಟು ಚುರುಕಾದ ಡಿಸ್ಕು. ಡಬ್ಬ ಬಿಚ್ಚಿ, ಒಳಗೆ ಖಾಲಿಯಿದ್ದ ಸ್ಲಾಟಿಗೆ ಸಿಕ್ಕಿಸಿ, ಹಳೆ ಡಿಸ್ಕಿನಲ್ಲಿದ್ದದ್ದನ್ನೆಲ್ಲ ಅದಕ್ಕೆ ತುಂಬಿದರು. ಸ್ವಿಚ್ಚು ಒತ್ತಿದರೆ ಕಂಪ್ಯೂಟರು ಆ ಕಾರ್ಡಿನ ಕಡೆ ತಿರುಗಿಯೂ ನೋಡಲಿಲ್ಲ. ಅಣ್ಣ ಊಟ ಬಿಟ್ಟು ತಲೆ ಕೆಡಿಸಿಕೊಂಡರು. ಮೂರನೆಯ ದಿನ ಡಬ್ಬ ಅರ್ಧ ನಿಮಿಷದಲ್ಲಿ ಎದ್ದು ಕೂತಿತು. ಆಮೇಲೆ ಹಳೆ ಡಿಸ್ಕನ್ನು ಅಳಿಸಿ ಖಾಲಿ ಮಾಡಿದರು.

ಗುಟ್ಟನ್ನು ನನ್ನೊಬ್ಬಳಿಗೆ ಹೇಳಿದರು. "ಇದನ್ನ ಮಾಡಿದ ಕಾಲದಲ್ಲಿ ಇಂಥ ಕಾರ್ಡೇ ಇರ್ಲಿಲ್ಲ ತಂಗಿ. ಎಲ್ಲಿಂದ ಶುರು ಮಾಡ್ಬೇಕು ಅಂತ ಹುಡುಕುವಾಗ ಇದಕ್ಕೆ ಹಳೆ ಡಿಸ್ಕು ಗೊತ್ತು, ಪೆನ್‌ಡ್ರೈವ್ ಗೊತ್ತು. ಅದಕ್ಕೇ ಪೆನ್‌ಡ್ರೈವಲ್ಲಿ ಒಂದು ಚಿಕ್ಕ ಪ್ರೋಗ್ರಾಂ ಹಾಕಿದೀನಿ. ಅದು ಎದ್ದು, ಕಾರ್ಡು ಅಲ್ಲಿದೆ ನೋಡು ಅಂತ ತೋರಿಸುತ್ತೆ. ಅಷ್ಟೇ."

ಹಳೆ ಡಿಸ್ಕು ಇನ್ನೂ ಒಳಗೇ ಇದೆಯಲ್ಲ, ಆ ಪ್ರೋಗ್ರಾಮನ್ನು ಅದಕ್ಕೇ ಹಾಕಬಹುದಲ್ಲ ಎಂದು ಕೇಳಿದೆ. ಅಣ್ಣ ಅತ್ತ ಇತ್ತ ನೋಡಿ ನಕ್ಕರು.

"ಹಾಕ್ಬಹುದು. ಆಮೇಲೆ ಯಾರು ಬೇಕಾದ್ರೂ ಶುರು ಮಾಡ್ತಾರಲ್ಲ."

ಅಲ್ಲಿಂದ ಅವರ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ದಿನಾ ಬೆಳಿಗ್ಗೆ ಪಿನ್ನು ಬಿಚ್ಚಿ, ಪೆನ್‌ಡ್ರೈವನ್ನು ತೋಳಿಗೆ ಒರೆಸಿ ಸಿಕ್ಕಿಸುವುದು. ಪರದೆ ಬೆಳಗಿದ ಮೇಲೆ ಕಿತ್ತು ಜೇಬಿಗೆ ಸೇರಿಸುವುದು. ತಾನಿಲ್ಲದೆ ಇದು ಏಳುವುದಿಲ್ಲ ಎಂದು ಟೀ ತರುವವನಿಗೂ ಹೇಳುತ್ತಿದ್ದರು. ಪೊರೆ ಬಂದ ಅದೇ ಕಣ್ಣಿನಿಂದ ನೋಡಿ, ನನ್ನ ಕತ್ತರಿ ಸೊಟ್ಟ ಹೋಗಿದೆ ಎಂದು ಒಮ್ಮೆ ಎಲ್ಲರೆದುರು ಅಂದರು. ಸೊಟ್ಟ ಹೋಗಿದ್ದು ನಿಜ. ಆದರೂ ಅವತ್ತು ನನಗೆ ಮೈಯೆಲ್ಲ ಉರಿದುಹೋಯಿತು.

ಕಣ್ಣು ತೋರಿಸಲು ಆಸ್ಪತ್ರೆಗೆ ಹೋಗುವ ದಿನ ಪೆನ್‌ಡ್ರೈವನ್ನು ನನ್ನ ಕೈಗೆ ಕೊಟ್ಟು, ನೀನೇ ಶುರು ಮಾಡು, ಯಾರ ಕೈಗೂ ಕೊಡಬೇಡ ಎಂದರು. ಅವರು ಮೆಟ್ಟಿಲಿಳಿದು ಮುಗಿಸುವ ಮೊದಲೇ ಅದು ಯಜಮಾನಿಯ ಅಳಿಯನ ಕೈಯಲ್ಲಿತ್ತು. ಹಳೆ ಡಿಸ್ಕಿನ ವಿಷಯವನ್ನೂ ಹೇಳಿದೆ. ಅಳಿಯ ಪ್ರೋಗ್ರಾಮನ್ನು ಡಿಸ್ಕಿಗೆ ಹಾಕಿ, ಪೆನ್‌ಡ್ರೈವನ್ನು ಪೂರ್ತಿ ಅಳಿಸಿ, ಅದಿಲ್ಲದೆಯೇ ಕಂಪ್ಯೂಟರು ಶುರು ಮಾಡಿ ತೋರಿಸಿದ. ಯಜಮಾನಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಯಾರಿಗೂ ಹೇಳಬೇಡಿ, ಸ್ವಲ್ಪ ದಿನ ಮಜಾ ನೋಡೋಣ ಎಂದರು. ವಾರದೊಳಗೆ ಕಾರ್ಖಾನೆಯ ಹದಿನೆಂಟು ಜನಕ್ಕೂ ಗೊತ್ತಾಗಿತ್ತು.

ಒಂದು ವರ್ಷ ಅಣ್ಣ ನಾನು ಮರಳಿಸಿದ ಖಾಲಿ ಪೆನ್‌ಡ್ರೈವನ್ನು ಒರೆಸಿ ಒರೆಸಿ ಸಿಕ್ಕಿಸಿದರು. ಡಬ್ಬ ಅದರಲ್ಲಿ ಏನೂ ಕಾಣದೆ ಡಿಸ್ಕಿಗೆ ಹೋಗಿ ಎದ್ದೇಳುತ್ತಿತ್ತು. ಎರಡು ಸೆಕೆಂಡು ತಡವಾದರೆ ಚಳಿಗೆ ಹೀಗೆ ಎನ್ನುತ್ತಿದ್ದರು. ನಾವು ಬಟ್ಟೆಯ ಥಾನುಗಳ ಹಿಂದೆ ಬಗ್ಗಿ ಬಾಯಿಗೆ ಸೆರಗು ತುರುಕಿಕೊಳ್ಳುತ್ತಿದ್ದೆವು. ಆ ವರ್ಷದಲ್ಲೇ ಅವರು ನನಗೆ ಅಳತೆ ಹಾಕುವುದನ್ನೂ ಕಲಿಸಿದರು, ಕಣ್ಣು ಕೈಕೊಟ್ಟರೆ ಆಸರೆಯಾಗುತ್ತೀ ಎಂದು.

ನಾನು ಕಲಿತದ್ದು ಗೊತ್ತಾದ ಮೇಲೆ ಯಜಮಾನಿ ಅಣ್ಣನನ್ನು ಕರೆದು, ಇನ್ನು ದಿನಾ ಬರುವುದು ಬೇಡ, ಬೇಕಾದಾಗ ಹೇಳಿಕಳಿಸುತ್ತೇನೆ ಎಂದರು. ಅಣ್ಣ ವಾದ ಮಾಡಲಿಲ್ಲ. ಜೇಬಿನ ಪಿನ್ನು ಮುಟ್ಟಿ ನೋಡಿಕೊಂಡು ಮನೆಗೆ ಹೋದರು. ಮೂರು ದಿನ ಫೋನಿಗಾಗಿ ಕಾದರಂತೆ.

ನಾಲ್ಕನೆಯ ದಿನ ಗಡ್ಡ ಹೆರೆದು, ಇಸ್ತ್ರಿ ಅಂಗಿ ಹಾಕಿಕೊಂಡು ಬಂದರು. ಮೆಟ್ಟಿಲಲ್ಲಿ ಅವರ ಸದ್ದು ಕೇಳಿದ್ದೇ ಯಜಮಾನಿ ಕಂಪ್ಯೂಟರನ್ನು ಆರಿಸಿದರು. ಕಪ್ಪು ಪರದೆ ನೋಡಿ ಅಣ್ಣನ ಮುಖ ಅರಳಿತು. ಮೊದಲಿನ ಹಾಗೆ ದಿನಾ ಕೆಲಸ ಬೇಕು, ಅದು ಕಾಗದದಲ್ಲಿ ಬರಬೇಕು ಎಂದರು. ಯಜಮಾನಿ ಅಳುಮುಖ ಮಾಡಿಕೊಂಡು, ನೀವಿಲ್ಲದೆ ಒಂದು ಗೆರೆಯೂ ಬಿದ್ದಿಲ್ಲ, ಆಗಲಿ ಎಂದರು. ಅಣ್ಣ ಪಿನ್ನು ಬಿಚ್ಚಿದರು, ಒರೆಸಿದರು, ಸಿಕ್ಕಿಸಿದರು. ಪರದೆ ಬೆಳಗಿತು.

"ಈಗ ಆಫ್ ಮಾಡಿ," ಎಂದರು ಯಜಮಾನಿ. "ಅದನ್ನ ಕಿತ್ತು ಕೈಯಲ್ಲಿ ಹಿಡ್ಕೊಳ್ಳಿ. ಮತ್ತೆ ಸ್ವಿಚ್ ಒತ್ತಿ."

ಒತ್ತಿದರು. ಡಬ್ಬ ಅರ್ಧ ನಿಮಿಷದಲ್ಲಿ ಎದ್ದು ಕೂತಿತು. ಒಂದು ವರ್ಷ ಅದುಮಿಟ್ಟ ನಗು ಹದಿನೆಂಟು ಬಾಯಿಂದ ಹೊರಬಿತ್ತು. ಅಳಿಯ ಅವರ ಕೈಯಿಂದ ಪೆನ್‌ಡ್ರೈವ್ ಕಸಿದು, ಸಿಕ್ಕಿಸಿ, ತೆರೆದು ತೋರಿಸಿದ. ಅಣ್ಣ ಬಲಗಣ್ಣನ್ನು ಪರದೆಯ ಹತ್ತಿರ ತಂದು ಬಹಳ ಹೊತ್ತು ಹುಡುಕಿದರು. ತೋಳಿನಿಂದ ಪರದೆಯನ್ನೂ ಒರೆಸಿದರು. ಆಗ ನಗು ಇನ್ನೊಮ್ಮೆ ಎದ್ದಿತು. ಯಜಮಾನಿ ನನ್ನನ್ನೇ ನೋಡುತ್ತಿದ್ದುದರಿಂದ ನಾನು ಒಂದು ಪಾಲು ಹೆಚ್ಚೇ ನಕ್ಕೆ.

ಅಣ್ಣ ನನ್ನ ಕಡೆ ತಿರುಗಿದರು. "ಹಳೆ ಡಿಸ್ಕಿಗೆ ಹಾಕಿದ್ರಾ?"

ತಲೆಯಾಡಿಸಿದೆ.

"ಅವತ್ತು ನಿಂಗೆ ಒಂದೇ ಸಲಕ್ಕೆ ಹೊಳೀತಲ್ಲ ತಂಗಿ. ನಂಗೆ ಮೂರು ದಿನ ಬೇಕಾಯ್ತು."

ಆ ಮಾತಿನಲ್ಲಿ ಕೊಂಕು ಇರಬಹುದೆಂದು ಹುಡುಕಿದೆ. ಸಿಕ್ಕಿದ್ದರೆ ಈಗಲೂ ಒಂದಿಷ್ಟು ನಿದ್ದೆ ಮಾಡುತ್ತಿದ್ದೆ. ಅವರು ಗೋಡೆ ಹಿಡಿದು, ಒಂದೊಂದೇ ಮೆಟ್ಟಿಲು ತಡವಿಕೊಂಡು ಇಳಿದರು. ಯಾರೂ ಕೈಕೊಡಲು ಹೋಗಲಿಲ್ಲ. ಸೇಫ್ಟಿ ಪಿನ್ನು ಮೇಜಿನ ಮೇಲೇ ಉಳಿಯಿತು.

ಮಧ್ಯಾಹ್ನ ಅವರ ಕುರ್ಚಿ ಎಳೆದುಕೊಂಡು ಕೂತೆ. ಇನ್ನು ಆ ಮನುಷ್ಯನನ್ನು ಕರೆಸುವ ಅಗತ್ಯ ಬೀಳುವುದಿಲ್ಲ ತಾನೇ ಎಂದು ಯಜಮಾನಿ ಕೇಳಿದರು. ಇಲ್ಲ ಎಂದೆ. ಬೇಕಾದದ್ದನ್ನೆಲ್ಲ ಅಣ್ಣ ನನಗೆ ಹೇಳಿಕೊಟ್ಟಾಗಿತ್ತು.