ಕೈಮುರಿದ ಸಿಪಾಯಿಯ ವಕೀಲೆ

ನವರಾತ್ರಿಗೆ ಗೊಂಬೆಗಳ ಪೆಟ್ಟಿಗೆ ತೆರೆದೆ. ಮೊದಲು ಕರ್ಪೂರದ ವಾಸನೆ, ಆಮೇಲೆ ಹಳೆಯ ಹತ್ತಿ ಸೀರೆಯದು. ಸೀರೆಯೊಳಗೆ ನಮ್ಮ ಸಿಪಾಯಿ, ಬಲಗೈ ಇಲ್ಲದೆ ಮಲಗಿದ್ದಾನೆ. ನೀವಾದರೆ ಇಂಥವನನ್ನು ಹಿಂದಿನ ಸಾಲಿಗೆ ತಳ್ಳುತ್ತಿದ್ದಿರೇನೋ. ನಾನು ಮುಂದೆಯೇ ನಿಲ್ಲಿಸುತ್ತೇನೆ. ನಮ್ಮ ಮನೆಗೆ ಒಂದು ಕೇಸು ಗೆಲ್ಲಿಸಿಕೊಟ್ಟವನು ಅವನು.

ಎಲ್ಲರೂ ಮನೆಯೊಳಗೇ ಕೂತಿದ್ದ ಕೊರೊನಾ ಕಾಲ. ಲಾ ಓದುತ್ತಿದ್ದ ಮಗಳು ಅನು, ಅಮೆರಿಕದ ಫೇರ್‌ಫ್ಯಾಕ್ಸ್‌ನ ನಮ್ಮ ಮನೆಯ ಊಟದ ಮೇಜನ್ನೇ ಕಾಲೇಜು ಮಾಡಿಕೊಂಡಿದ್ದಳು. ಅಣಕು ನ್ಯಾಯಾಲಯದ ಸ್ಪರ್ಧೆಯಿತ್ತು. ಒಂದು ದೇಶ ಇನ್ನೊಂದರ ಮೇಲೆ ದಂಡೆತ್ತಿ ಹೋಗಿದೆ. ಸೆರೆಸಿಕ್ಕ ಸಾಮಾನ್ಯ ಸೈನಿಕನನ್ನು ದಾಳಿಗೊಳಗಾದ ದೇಶ ತನ್ನ ಕೋರ್ಟಿನಲ್ಲಿ ಆಕ್ರಮಣದ ಅಪರಾಧಕ್ಕೆ ಶಿಕ್ಷಿಸಬಹುದೇ? ಅನು ಸೈನಿಕನ ವಕೀಲೆ. ಹಿಂದಿನ ವರ್ಷ ಜಡ್ಜ್ ಅಡ್ಡಪ್ರಶ್ನೆ ಹಾಕಿದಾಗ ಬಾಯಿ ಕಟ್ಟಿ ಸೋತಿದ್ದಳು. ಈ ಸಲವೂ ಸೋತರೆ ಕೋರ್ಟಿನ ಆಸೆಯನ್ನೇ ಬಿಡುತ್ತೇನೆ ಎಂದಿದ್ದಳು.

ಅಭ್ಯಾಸಕ್ಕೆ ಜಡ್ಜ್ ನಾನು. ಹುರುಳಿಕಾಯಿ ಹೆಚ್ಚುತ್ತಲೇ ಕೇಳಿದೆ, "ಬಂದೂಕು ಹಿಡ್ಕೊಂಡು ಬಂದೋನು ಅವನೇ ತಾನೆ?"

ಅವಳು ಎದ್ದುಹೋಗಿ ಈ ಸಿಪಾಯಿಯನ್ನು ತಂದು ನನ್ನ ಮುಂದಿಟ್ಟಳು. ಒಂಬತ್ತು ವರ್ಷದವಳಿದ್ದಾಗ ಪೆಟ್ಟಿಗೆಯನ್ನು ಮೆಟ್ಟಿಲ ಮೇಲೆ ಬೀಳಿಸಿ ಅವನ ಕೈ ಮುರಿದಿದ್ದಳು. ನಾನು ವಾರವಿಡೀ ಬೈದಿದ್ದೆ.

"ಬಾಕ್ಸ್ ಹೆವಿ ಇದೆ ಅಂತ ನಾನಂದೆ. ಆದ್ರೂ ಎತ್ಕೊಂಡು ಬಾ ಅಂದಿದ್ದು ಯಾರಮ್ಮ?"

ಜಡ್ಜ್ ಆದವಳು ಅಷ್ಟು ಸುಲಭಕ್ಕೆ ಸೋಲಬಾರದಲ್ಲ. "ಸರಿ ಕಣೆ. ಅವತ್ತೇ ನೈವೇದ್ಯಕ್ಕೆ ಮುಂಚೆ ರವೆಉಂಡೆ ತಿಂದ್ಯಲ್ಲ, ಅದೂ ನಾನು ಹೇಳಿದ್ನಾ?"

ಅನು ಪೆನ್ನು ಎತ್ತಿಕೊಂಡಳು. ಆಮೇಲೆ ನಿಧಾನವಾಗಿ, "ಇಲ್ಲ, ಅದು ನಂದೇ. ಅದಕ್ಕೆ ಪನಿಶ್ ಮಾಡು. ಬಾಕ್ಸ್ ಬಿದ್ದಿದ್ದಕ್ಕೆ ಮಾಡ್ಬೇಡ" ಎಂದು ಏನೋ ಬರೆದುಕೊಂಡಳು.

ಸ್ಪರ್ಧೆಯ ದಿನ ತುಪ್ಪದ ದೀಪ ಹಚ್ಚಿ ಬಾಗಿಲ ಸಂದಿಯಲ್ಲಿ ನಿಂತಿದ್ದೆ. ಕಂಪ್ಯೂಟರ್ ಪರದೆಯ ಮೇಲಿನ ಜಡ್ಜ್ ಕೇಳಿಯೇಬಿಟ್ಟರು, ಹಾಗಾದರೆ ಈ ಸೈನಿಕ ಏನು ಮಾಡಿದರೂ ತಪ್ಪಿಲ್ಲವೇ ಎಂದು. ಮಗಳ ದನಿ ನಡುಗಲಿಲ್ಲ. ಲೂಟಿ ಮಾಡಿದ್ದರೆ, ನಿರಾಯುಧರನ್ನು ಕೊಂದಿದ್ದರೆ ಅದಕ್ಕೆ ಶಿಕ್ಷಿಸಿ. ಯುದ್ಧ ಹೂಡುವ ತೀರ್ಮಾನ ಅವನದಲ್ಲ, ಅದನ್ನು ಮಾಡಿದವರನ್ನು ಕರೆಸಿ ಎಂದಳು. ನಮ್ಮ ರವೆಉಂಡೆ ಇಂಗ್ಲಿಷಿನಲ್ಲಿ ಕೋರ್ಟು ಹತ್ತಿತ್ತು. ಗೆದ್ದಳು. ಫೈನಲ್ಲನ್ನೂ ಗೆದ್ದಳು. ಮನೆಯಲ್ಲಿದ್ದ ಶಾವಿಗೆಯೆಲ್ಲ ಅಂದು ಪಾಯಸವಾಯಿತು. ದೇವರು ದೊಡ್ಡವನು, ಹಾಲೂ ಸಾಕಷ್ಟಿತ್ತು.

ಈಗ ಅವಳು ನಿಜವಾದ ಕೋರ್ಟಿನಲ್ಲೇ ವಾದಿಸುತ್ತಾಳೆ. ಹಬ್ಬಕ್ಕೆ ಬಂದಿದ್ದಾಳೆ. ಪಟ್ಟದ ಗೊಂಬೆಗಳ, ಅಂದರೆ ರಾಜ-ರಾಣಿಯರ ಪೆಟ್ಟಿಗೆ ಇನ್ನೂ ಮೇಲಿದೆ. ಅದು ಇದಕ್ಕಿಂತ ಭಾರ. ತಗೊಂಡು ಬಾರೇ ಎಂದು ಈಗಷ್ಟೇ ಹೇಳಿದೆ, ಅವಳು ಮೆಟ್ಟಿಲು ಹತ್ತುತ್ತಿದ್ದಾಳೆ. ಇಷ್ಟು ಬರೆದು ನಾನೂ ಏಳುತ್ತೇನೆ. ಮಂಡಿ ನೋಯುತ್ತದೆ, ನೋಯಲಿ. ತಗೊಂಡು ಬಾ ಎಂದವಳು ನಾನು. ಪೆಟ್ಟಿಗೆಯ ಇನ್ನೊಂದು ತುದಿ ನನ್ನದು.