ಶೇಷಾದ್ರಿ ಅಂಕಲ್ ನೋಡಿದ ಕಪ್ಪು ನೀರು

ಶೇಷಾದ್ರಿ ಅಂಕಲ್ ಯಾರ ಮನೆಗೆ ಹೋದರೂ ಮನೆಯವರನ್ನು ಮಾತಾಡಿಸುವ ಮೊದಲು ರೇಡಿಯೇಟರಿನ ಮೇಲೆ ಅಂಗೈ ಇಡುತ್ತಿದ್ದರು. ಕಣ್ಣು ಮುಚ್ಚಿ, ತಲೆ ಸ್ವಲ್ಪ ವಾಲಿಸಿ, ಮಗುವಿನ ಜ್ವರ ನೋಡುವವರ ಹಾಗೆ. ಆಮೇಲೆ, "ಹ್ಞೂಂ, ಈಗ ಕಾಫಿ ಕೊಡಿ."

ಅರವತ್ತರ ದಶಕದ ಕೊನೆಗೆ ಮೈಸೂರಿನಿಂದ ಮೇರಿಲ್ಯಾಂಡಿಗೆ ಬಂದು, ನಿವೃತ್ತರಾಗುವವರೆಗೂ ಲ್ಯಾಬೊಂದರಲ್ಲಿ ರಕ್ತಪರೀಕ್ಷೆ ಮಾಡಿದವರು. ಸಿಲ್ವರ್ ಸ್ಪ್ರಿಂಗಿನಲ್ಲಿ ನಮ್ಮಿಂದ ಎರಡು ಬೀದಿ ಆಚೆ ಇದ್ದರು. ಅಲ್ಲಿನ ಇಟ್ಟಿಗೆಯ ಮನೆಗಳು ನನ್ನ ಅಪ್ಪನಿಗಿಂತ ಹಳೆಯವು. ಬೇಸ್‌ಮೆಂಟಿನ ಬಾಯ್ಲರ್ ನೀರು ಕಾಯಿಸುತ್ತದೆ. ಆ ನೀರು ಪೈಪುಗಳಲ್ಲಿ ಸುತ್ತಿ ಪ್ರತಿ ಕೋಣೆಯ ಕಬ್ಬಿಣದ ರೇಡಿಯೇಟರನ್ನು ಬೆಚ್ಚಗಿಡುತ್ತದೆ.

ಕೋವಿಡ್ಡಿನ ಮೊದಲ ಚಳಿಗಾಲ. ಆರು ತಿಂಗಳಿಗೆಂದು ಬಂದಿದ್ದ ಅಮ್ಮ, ವಿಮಾನಗಳು ನಿಂತು, ನಮ್ಮಲ್ಲೇ ಸಿಕ್ಕಿಬಿದ್ದಿದ್ದಳು. ಅವಳಿಗೆ ಆಸ್ತಮಾ. ಯಾರೂ ಒಳಗೆ ಬರುವಂತಿಲ್ಲ, ಅವಳು ಹೊರಗೆ ಹೋಗುವಂತಿಲ್ಲ. ಇಷ್ಟರ ನಡುವೆ ಅವಳ ಕೋಣೆ ತಣ್ಣಗಾಯಿತು. ಹೀಟಿಂಗ್‌ನವನು ಹಿಂಬಾಗಿಲಿನಿಂದ ಬೇಸ್‌ಮೆಂಟಿಗಷ್ಟೇ ಇಳಿದು, ಬಾಯ್ಲರಿನಿಂದ ಕಪ್ಪು ನೀರು ತೆಗೆದು ತೋರಿಸಿದ. ಪೈಪುಗಳ ತುಂಬ ತುಕ್ಕಿನ ಕೆಸರಂತೆ. ಇಡೀ ವ್ಯವಸ್ಥೆಯನ್ನು ಫ್ಲಶ್ ಮಾಡಿಸಿ ಕೆಸರು ತೊಳೆಸಬೇಕಂತೆ. ಎರಡು ದಿನ ಮನೆಗೆ ಬಿಸಿ ಇರುವುದಿಲ್ಲ. ಹಳೆಯ ಪೈಪು ಸೋರಿದರೆ ತಾನು ಜವಾಬ್ದಾರನಲ್ಲ ಎಂದೂ ಸೇರಿಸಿದ. ಮಾಡಿಸದಿದ್ದರೆ ಅಮ್ಮ ಹೀಗೇ ನಡುಗಬೇಕು. ಮಾಡಿಸಿ ಪೈಪು ಒಡೆದರೆ ಎಲ್ಲರೂ ನಡುಗಬೇಕು.

ಅಂಕಲ್‌ಗೆ ಫೋನ್ ಮಾಡಿದೆ. ಮಂಕಿ ಟೋಪಿ ಹಾಕಿಕೊಂಡು ಬಂದು ಅಮ್ಮನ ಕಿಟಕಿಯ ಹೊರಗೆ ನಿಂತರು. ಹಿಮ ಬೀಳುತ್ತಿತ್ತೆಂದು ನನ್ನ ನೆನಪು. ಇರಲೇ ಇಲ್ಲ ಎನ್ನುತ್ತಾಳೆ ಹೆಂಡತಿ. ಗಾಜಿನ ಆಚೆ ಅವರು, ಈಚೆ ನಾವು, ನಡುವೆ ಫೋನಿನ ಸ್ಪೀಕರ್.

"ರೇಡಿಯೇಟರ್ ವಾಲ್ವ್ ಓಪನ್ ಇದೆಯೇನಯ್ಯ?"

"ಇದೆ ಅಂಕಲ್, ಚೆಕ್ ಮಾಡಿದೀನಿ."

"ನೋಡಿ ಹೇಳ್ತಿದೀಯೋ, ನೆನಪಿನಿಂದ ಹೇಳ್ತಿದೀಯೋ?"

ಮಂಚ ಸರಿಸಿ ಬಗ್ಗಿದೆ. ವಾಲ್ವ್ ಬಿಗಿಯಾಗಿ ಮುಚ್ಚಿತ್ತು.

"ಅದಾ? ನಾನೇ ಮುಚ್ಚಿದ್ದು ಕಣೋ," ಎಂದಳು ಅಮ್ಮ. "ಒಳಗೆ ನೀರು ಗುಳುಗುಳು ಅಂತಿತ್ತು. ನಲ್ಲಿ ಸರಿಯಾಗಿ ತಿರುಗಿಸಿಲ್ಲ, ಸುಮ್ನೆ ಹರಿದು ಹೋಗ್ತಿದೆ ಅಂದ್ಕೊಂಡೆ."

ದಿನ ಬಿಟ್ಟು ದಿನ ನೀರು ಬರುವ ಬಡಾವಣೆಯಲ್ಲಿ ಬಾಳಿದವಳು. ನನಗೆ ರೇಗಿತು. ಗಾಜಿನ ಆಚೆಯಿಂದ ಅಂಕಲ್ ತಡೆದರು: "ಅವರನ್ನ ಏನೂ ಅನ್ಬೇಡ. ಪಿಎಚ್‌ಡಿ ಮಾಡಿದೋನು ಬಗ್ಗಿ ನೋಡ್ಲಿಲ್ಲ. ಅವರು ಈ ಮಂಡಿನೋವು ಇಟ್ಕೊಂಡು ಬಗ್ಗಿ ಮುಚ್ಚಿದಾರೆ."

ಸಂಜೆಯ ಹೊತ್ತಿಗೆ ಕೋಣೆ ಬೆಚ್ಚಗಾಯಿತು. ಬೇಸಿಗೆಗೆ ಅಮ್ಮ ಊರಿಗೆ ಹೋದಳು. ಕಪ್ಪು ನೀರು ಮಾತ್ರ ಪೈಪುಗಳಲ್ಲೇ ಉಳಿಯಿತು, ಫ್ಲಶ್ ಮಾಡಿಸುವುದೋ ಬೇಡವೋ ಎಂಬ ಪ್ರಶ್ನೆಯೂ.

ಅಲ್ಲಿಂದ ಪ್ರತಿ ಅಕ್ಟೋಬರಿನಲ್ಲೂ ಅಂಕಲ್ ಬಂದು ಆ ನೀರನ್ನು ಗಾಜಿನ ಲೋಟಕ್ಕೆ ಹಿಡಿದು, ಕಿಟಕಿಯ ಬೆಳಕಿಗೆ ಎತ್ತಿ, ತುಂಬ ಹೊತ್ತು ನೋಡುತ್ತಿದ್ದರು. ತೀರ್ಪು ಒಂದೇ: "ಈ ವರ್ಷ ಬೇಡ. ಆ ತುಕ್ಕೇ ಪೈಪನ್ನ ಸೋರದ ಹಾಗೆ ಹಿಡ್ಕೊಂಡಿರಬಹುದು."

"ಇರಬಹುದು ಅಂದ್ರೆ ಹೇಗೆ ಅಂಕಲ್? ಡಾಟಾ ಏನಿದೆ?"

"ನಿನ್ನ ಹತ್ರ ಇದೆಯಾ? ಇಲ್ಲ ತಾನೇ. ನಂದೂ ಊಹೆ, ನಿಂದೂ ಊಹೆ. ನಂದು ಸ್ವಲ್ಪ ಹಳೇದು, ಅಷ್ಟೆ."

ನಾನು ವಾದಿಸುತ್ತಿದ್ದೆ. ಒಳಗೊಳಗೆ ನಿರಾಳವಾಗುತ್ತಿತ್ತು. ನಿರ್ಧಾರ ಇನ್ನೊಂದು ವರ್ಷ ಮುಂದೆ ಹೋಗುತ್ತಿತ್ತು.

ಕಳೆದ ವರ್ಷ ಬಿದ್ದು ಸೊಂಟ ಮುರಿದುಕೊಂಡ ಮೇಲೆ ಅವರನ್ನು ಮಗಳು ತನ್ನ ಊರಾದ ಕ್ಯಾರಿಗೆ ಕರೆದೊಯ್ದಳು. ನಮ್ಮ ಮನೆಯಲ್ಲಿ ಈಗ ಎರಡು ಕೋಣೆ ತಣ್ಣಗಾಗಿದ್ದವು, ವಾಲ್ವ್ ತೆರೆದೇ ಇದ್ದರೂ. ಅಮ್ಮ ಚಳಿಗಾಲಕ್ಕೆ ಮತ್ತೆ ಬರುವವಳಿದ್ದಳು. ಒಂದು ಬಾಟಲಿಯಲ್ಲಿ ನೀರು ತುಂಬಿಕೊಂಡು ಐದು ಗಂಟೆ ಡ್ರೈವ್ ಮಾಡಿದೆ.

ಅಂಕಲ್ ಬಾಟಲಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಬೆಳಕಿಗೆ ಎತ್ತಲಿಲ್ಲ.

"ಕಣ್ಣು ಕಾಣ್ಸಲ್ಲ ಕಣಯ್ಯ," ಎಂದರು. "ಎರಡು ವರ್ಷದಿಂದ ಕಾಣ್ತಿರ್ಲಿಲ್ಲ. ಮಾಡಿಸು ಅಂದು ಪೈಪ್ ಒಡೆದ್ರೆ ನೀವೆಲ್ಲ ಚಳೀಲಿರ್ಬೇಕು. ಅದಕ್ಕೇ ಬೇಡ ಅಂತಿದ್ದೆ. ನೀನೇ ನೋಡಿ ಹೇಳು, ಹೇಗಿದೆ?"

"ಕಪ್ಪಗಿದೆ ಅಂಕಲ್."

"ಹೋದ ವರ್ಷಕ್ಕಿಂತ ಜಾಸ್ತಿನಾ?"

ಅಷ್ಟು ವರ್ಷ ಅವರ ಪಕ್ಕದಲ್ಲೇ ನಿಂತಿದ್ದೆ. ಒಮ್ಮೆಯೂ ಲೋಟ ನೋಡಿರಲಿಲ್ಲ. ಅವರ ಮುಖ ನೋಡುತ್ತಿದ್ದೆ. ನೆನಪಿಲ್ಲ ಎಂದೆ. ಅವರು ಕಾಯುತ್ತಲೇ ಇದ್ದರು, ಯೋಚಿಸಿದರೆ ನನಗೆ ನೆನಪಾದೀತೇನೋ ಎನ್ನುವಂತೆ, ಮಗಳು ಊಟಕ್ಕೆ ಕರೆಯುವವರೆಗೂ.

ಒಂದೂವರೆ ತಿಂಗಳಿಗೆ ಹೋಗಿಬಿಟ್ಟರು. ಅಂತ್ಯಕ್ರಿಯೆ ಮುಗಿಸಿ ಬಂದ ಮರುದಿನ ಹೀಟಿಂಗ್‌ನವನಿಗೆ ಫೋನ್ ಮಾಡಿ, ಬಾ ಎಂದೆ. ಪೈಪು ಸೋರಿದರೆ ಹೊಣೆ ಯಾರದೆಂದು ಅವನು ಮತ್ತೆ ಕೇಳಿದ. ನನ್ನದು ಎಂದೆ.